ಬಜ್ಪೆಯ ಮೇಲೆ ಬಂದ ವಿಮಾನ ಇಳಿಯದೆ ಬೆಂಗಳೂರಿಗೆ ಹೋಯ್ತು. ಈ ರನ್‌ವೇ ಅಷ್ಟೊಂದು ಅಪಾಯದ್ದಾ?

ಘಟ್ಟದ ಮೇಲಿನವ:

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದ ಕಡೆಯವನು. ಕೆಲಸಕ್ಕಂತ ಮಂಗಳೂರಿಗೆ ಬಂದು ಒಂದೂವರೆ ವರ್ಷ ಆಯ್ತು, ಕದ್ರಿ ಹತ್ತಿರ ಮನೆ. ಅಮ್ಮ ಮುಂಬೈಲಿ ಅಣ್ಣನ ಮನೇಲಿದ್ರು. ಹೋದ ವಾರ ಮೊದಲ ಸಲ ಒಬ್ಬರೇ ವಿಮಾನದಲ್ಲಿ ನನ್ನ ಹತ್ರ ಹೊರಟ್ರು. ಇಲ್ಲಿನ ಏರ್‌ಪೋರ್ಟ್ ಇರೋ ಬಜ್ಪೆ ಮೇಲೆ ಬಂದು ಇನ್ನೇನು ಇಳೀತು ಅನ್ನುವಾಗ ವಿಮಾನ ಗುಂಯ್ ಅಂತ ಮತ್ತೆ ಮೇಲಕ್ಕೆ ಹೋಯ್ತಂತೆ. ಅರ್ಧ ಗಂಟೆ ಸುತ್ತು ಹೊಡೆದು ಸೀದಾ ಬೆಂಗಳೂರಿಗೆ. ಅಲ್ಲಿ ಎರಡು ಗಂಟೆ ವಿಮಾನದೊಳಗೇ ಕೂರಿಸಿ, ಸಂಜೆ ವಾಪಸ್ ತಂದು ಇಳಿಸಿದ್ರು. ಪಕ್ಕದ ಸೀಟಿನ ಪುಣ್ಯಾತ್ಮರೊಬ್ಬರು "ಇದು ಬೆಟ್ಟದ ಮೇಲಿನ ರನ್‌ವೇ ಕಣಮ್ಮ, 2010ರಲ್ಲಿ ಇಲ್ಲೇ ಬಿದ್ದಿದ್ದು" ಅಂತ ಪೂರ್ತಿ ಕಥೆ ಹೇಳಿದ್ದಾರೆ. ಈಗ ಅಮ್ಮ ವಾಪಸ್ ಹೋಗೋದಾದ್ರೆ ರೈಲೇ ಅಂತ ಹಟ ಹಿಡಿದಿದ್ದಾರೆ.

ನನಗೆ ಅರ್ಥವಾಗದ್ದು ಇಷ್ಟು. ಆ ಹೊತ್ತಿಗೆ ನಾನು ಏರ್‌ಪೋರ್ಟಿಗೆ ಹೊರಟು ಮನೆ ಬಾಗಿಲಲ್ಲೇ ನಿಂತಿದ್ದೆ, ಬರೀ ಜಿಟಿಜಿಟಿ ಮಳೆ. ಅಷ್ಟಕ್ಕೇ ಇಳಿಯೋಕೆ ಆಗಲ್ವಾ? ಇಷ್ಟು ಜಾಗ ಇರುವ ಕರಾವಳೀಲಿ ಗುಡ್ಡದ ತಲೆ ಮೇಲೇ ಯಾಕೆ ಕಟ್ಟಿದ್ರು? ಅಂತರರಾಷ್ಟ್ರೀಯ ಅಂತ ಬೋರ್ಡ್ ಇದೆ, ಆದ್ರೆ ದೊಡ್ಡ ವಿಮಾನ ಒಂದೂ ಕಾಣಲ್ಲ, ಯಾಕೆ? ಗೊತ್ತಿರೋರು ಹೇಳಿ, ಅಮ್ಮನಿಗೆ ಓದಿ ಹೇಳ್ತೀನಿ.

ಕಾಪು-ದುಬೈ:

ಹತ್ತು ವರ್ಷದಿಂದ ವರ್ಷಕ್ಕೆರಡು ಸಲ ಇಳಿಯುತ್ತಾ ಇದ್ದೇನೆ, ಮಾರಾಯ್ರೆ. ಮಳೆಗಾಲದಲ್ಲಿ ಒಮ್ಮೆ ಕೊಚ್ಚಿ, ಒಮ್ಮೆ ಬೆಂಗಳೂರು ನೋಡಿ ಬಂದಾಯ್ತು. ತಾಯಿಗೆ ಕಿಟಕಿ ಸೀಟು ಬೇಡ, ಅಷ್ಟೇ. ಕೊನೆಯ ಕ್ಷಣದವರೆಗೂ ಕೆಳಗೆ ತೋಟ, ಕಣಿವೆ ಕಾಣ್ತಾ ಇರ್ತದೆ, ಪಕ್ಕನೆ ರನ್‌ವೇ ಬರ್ತದೆ. ಅಭ್ಯಾಸ ಇಲ್ಲದವರಿಗೆ ಎದೆ ಝಲ್ ಅಂತದೆ. ಬಾಕಿ ವಿಷಯ ಬಜ್ಪೆ ಹಳಬರು ಹೇಳಬೇಕು. ಅವರು ಎಲ್ಲಿ, ನಿದ್ದೆಯಾ?

ಬಜ್ಪೆ ಹಳಬ:

ನಿದ್ದೆ ಎಲ್ಲಿಯದು, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬಂದೆ.

ಘಟ್ಟದ ಮೇಲಿನವರೇ, ಮೊದಲು ತಾಯಿಯವರಿಗೆ ಇಷ್ಟು ಓದಿ ಹೇಳಿ. ಆ ಪೈಲಟ್ ಮಾಡಿದ್ದು ಸರಿ. ಇಳಿಯಲಿಕ್ಕೆ ಹೋಗಿ ಮನಸ್ಸು ಬದಲಿಸಿ ಮೇಲೆ ಏರುವುದು ಗಂಡಾಂತರದಿಂದ ಪಾರಾದದ್ದಲ್ಲ, ಅದು ದಿನನಿತ್ಯದ ಕೆಲಸ. ಅದಕ್ಕೆ ಗೋ-ಅರೌಂಡ್ ಅಂತ ಹೆಸರು. ಬೇರೆ ಊರಿಗೆ ಹೋಗಿ ಇಳಿಯುವಷ್ಟು, ಅದರ ಮೇಲೆ ಇನ್ನೊಂದು ಅರ್ಧ ಗಂಟೆ ಹಾರುವಷ್ಟು ಎಣ್ಣೆ ಹಾಕಿಕೊಂಡೇ ಜೆಟ್ ವಿಮಾನ ಹೊರಡುವುದು. ಮುಂಬೈಯಲ್ಲಿ ಬಾಗಿಲು ಹಾಕುವ ಮೊದಲೇ ಬೆಂಗಳೂರಿನ ಹೆಸರು ಕಾಗದದಲ್ಲಿ ಬರೆದಿರ್ತದೆ.

ನನ್ನ ಪರಿಚಯ ಇಲ್ಲಿ ಹೊಸಬರಿಗೆ ಇರಲಿಕ್ಕಿಲ್ಲ. ನಾನು ಪೈಲಟ್ ಅಲ್ಲ, ಟವರ್‌ನವನೂ ಅಲ್ಲ. ಬಜ್ಪೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಮಾನದ ತೂಕ ಬರೆದವನು. ಲೋಡ್‌ಶೀಟ್, ಟ್ರಿಮ್‌ಶೀಟ್ ಅಂತೇವೆ. ಎಷ್ಟು ಜನ, ಎಷ್ಟು ಬ್ಯಾಗು, ಎಷ್ಟು ಎಣ್ಣೆ, ಯಾವುದು ಮುಂದಿನ ಹೋಲ್ಡಿಗೆ (ವಿಮಾನದ ಹೊಟ್ಟೆಯ ಸಾಮಾನು ಕೋಣೆ), ಯಾವುದು ಹಿಂದಿನದಕ್ಕೆ ಅಂತ ಲೆಕ್ಕ ಹಾಕಿ, ಕ್ಯಾಪ್ಟನ್‌ರ ಸಹಿ ಮಾಡಿಸಿ, ಒಂದು ಪ್ರತಿ ಇಟ್ಟುಕೊಂಡು ಕೆಳಗೆ ಇಳಿಯುವ ಜನ. ಹಾಗಾಗಿ ನಾನು ಎಂತ ಹೇಳಿದರೂ ಕೊನೆಗೆ ಅದು ಕಿಲೋ ಮತ್ತು ಮೀಟರಿಗೇ ಬಂದು ನಿಲ್ತದೆ. ಬೇಜಾರು ಮಾಡ್ಬೇಡಿ.

ಗುಡ್ಡ ಯಾಕೆ ಅಂದ್ರೆ, ನಮ್ಮ ಜಿಲ್ಲೆಯಲ್ಲಿ ಚಪ್ಪಟೆ ಜಾಗ ಅಂದ್ರೆ ಬೈಲು. ಬೈಲಿನಲ್ಲಿ ಗದ್ದೆ, ಗದ್ದೆಯ ಆಚೆ ಹೊಳೆ, ಮಳೆಗಾಲದಲ್ಲಿ ಎರಡೂ ಒಂದೇ. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ, ಪಶ್ಚಿಮಕ್ಕೆ ಸಮುದ್ರ. ಗಟ್ಟಿಯಾಗಿ, ಬೋಳಾಗಿ, ಯಾರೂ ಬೇಸಾಯ ಮಾಡದೆ ಬಿಟ್ಟ ನೆಲ ಬೇಕಾದರೆ ಮೇಲಿನ ಪದವಿಗೇ ಹೋಗಬೇಕು. ಪದವು ಅಂದ್ರೆ ಮುರಕಲ್ಲಿನ ಬಯಲು ಗುಡ್ಡೆ. ನೀವು ಊರಲ್ಲೇ ಎಷ್ಟೋ "ಪದವು" ಹೆಸರು ಕೇಳಿರಬಹುದು. ಬಜ್ಪೆ ಪದವಿನ ತಲೆ ಸಮುದ್ರ ಮಟ್ಟದಿಂದ 100 ಮೀಟರ್ ಚಿಲ್ಲರೆ ಎತ್ತರ. ಅದನ್ನು ತಟ್ಟಿ ಸಮ ಮಾಡಿದರು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದು ಇಳಿದು ಉದ್ಘಾಟನೆ ಆಯ್ತು. ನನ್ನ ಅಜ್ಜ ಅದನ್ನು ನೋಡಲಿಕ್ಕೆ ಎಕ್ಕಾರಿನಿಂದ ನಡೆದು ಹೋಗಿದ್ದರು. ಜನರ ತಲೆಯ ಮಧ್ಯೆ ಅವರಿಗೆ ಕಂಡದ್ದು ವಿಮಾನದ ಬಾಲ ಮಾತ್ರ. ಆದರೂ ಸಾಯುವವರೆಗೆ "ನಾನು ನೆಹರೂನ ಕಂಡಿದ್ದೇನೆ" ಅಂತಲೇ ಹೇಳ್ತಿದ್ದರು.

ಆ ಹಳೆ ರನ್‌ವೇ ಪೂರ್ವ-ಪಶ್ಚಿಮ, ಸುಮಾರು 1,600 ಮೀಟರ್. ಅದಕ್ಕೆ 09/27 ಅಂತ ಹೆಸರು. ದಿಕ್ಸೂಚಿಯ 90 ಡಿಗ್ರಿ, 270 ಡಿಗ್ರಿಯ ಕೊನೆಯ ಸೊನ್ನೆ ತೆಗೆದದ್ದು, ಬೇರೆ ಗುಟ್ಟು ಎಂತದ್ದೂ ಇಲ್ಲ. ಈಗ ನೀವು ಇಳಿಯುವುದು 06/24ರಲ್ಲಿ, ಅಂದ್ರೆ 60 ಮತ್ತು 240 ಡಿಗ್ರಿ, ಉದ್ದ 2,450 ಮೀಟರ್.

ಈ ಎರಡು ಉದ್ದದ ನಡುವೆ ನನ್ನ ಇಡೀ ಸರ್ವಿಸ್ ಕಳೆಯಿತು. ಅದು ಹೇಗೆ ಅಂತ ಸ್ವಲ್ಪ ಲೆಕ್ಕ ಹೇಳ್ತೇನೆ. ಪ್ರಯಾಣಿಕರ ಜೆಟ್ ಹೊರಡುವಾಗಲೇ ಒಂದು ನಿಯಮ ಉಂಟು. ಇಳಿಯುವ ಊರಿನ ರನ್‌ವೇಯ ಉದ್ದದಲ್ಲಿ ನೂರಕ್ಕೆ 60 ಭಾಗದೊಳಗೆ ಅದು ನಿಲ್ಲುವಂತಿರಬೇಕು, ಅಷ್ಟೇ ತೂಕ ತುಂಬಬೇಕು. ಬಾಕಿ 40 ಭಾಗ ಮನುಷ್ಯನ ತಪ್ಪಿಗೆ ಬಿಟ್ಟದ್ದು. ರನ್‌ವೇ ಒದ್ದೆ ಅಂತಾದರೆ ಬೇಕಾಗುವ ಉದ್ದಕ್ಕೆ ಇನ್ನೂ 15 ಭಾಗ ಸೇರಿಸಬೇಕು. ಈಗ 1,600 ಮೀಟರಿಗೆ ಹಾಕಿ ನೋಡಿ. ಒಣಗಿದ್ದರೆ 960 ಮೀಟರಿನಲ್ಲಿ ನಿಲ್ಲಬೇಕು. ಒದ್ದೆಯಾದರೆ 835ರ ಒಳಗೆ. ಬೋಯಿಂಗ್ ತಂದು ಅಷ್ಟರಲ್ಲಿ ನಿಲ್ಲಿಸಬೇಕಾದರೆ ಅರ್ಧ ವಿಮಾನ ಖಾಲಿ ತರಬೇಕು. 2,450ಕ್ಕೆ ಹಾಕಿ, 1,470 ಮತ್ತು ಸುಮಾರು 1,280. ಈಗ ಬೋಯಿಂಗ್ 737, ಏರ್‌ಬಸ್ ಎ320 ಆರಾಮವಾಗಿ ಬರ್ತದೆ. ನಿಮ್ಮ ಮೂರನೇ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಉಂಟು.

ನಾನು ಸೇರಿದಾಗ ಬರ್ತಿದ್ದದ್ದು ಆವ್ರೋ, ಎರಡು ಪ್ರೊಪೆಲರಿನದ್ದು, 40 ಚಿಲ್ಲರೆ ಸೀಟು. ಸೇರಿದ ವಾರವೇ ಹಿರಿಯರೊಬ್ಬರು ನನ್ನನ್ನು ಪಶ್ಚಿಮದ ತುದಿಗೆ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದ್ದರು. 1981ರ ಆಗಸ್ಟ್ 19ರಂದು ಮಳೆಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ಒಂದು ನಿಲ್ಲದೆ ರನ್‌ವೇಯ ಅಂಚು ದಾಟಿ ಹೋಗಿ ನಿಂತಿತ್ತು. ಯಾರೂ ಸಾಯಲಿಲ್ಲ, ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ಆಗ ರಾಜ್ಯದಲ್ಲಿ ಮಂತ್ರಿಯಾಗಿದ್ದ ವೀರಪ್ಪ ಮೊಯಿಲಿ ಅದರಲ್ಲಿದ್ದರು. ಹಿರಿಯರು ಹೇಳಿದ್ದು ಇಷ್ಟೇ: "ನೀನು ಒಂದು ಬ್ಯಾಗು ಕಮ್ಮಿ ಬರೆದರೆ ಅದು ಇಲ್ಲಿಗೆ ಬಂದು ಲೆಕ್ಕ ಕೇಳ್ತದೆ."

ಒಂದು ಬ್ಯಾಗಿನ ಕಥೆ ಹೇಳಲೇಬೇಕು. ತೊಂಬತ್ತರ ದಶಕ. ಆಗ ಗಲ್ಫಿಗೆ ನೇರ ವಿಮಾನ ಇಲ್ಲ, ಎಲ್ಲರೂ ಬೊಂಬಾಯಿ ಮೇಲೆ ಹೋಗಬೇಕು. ಹೆಚ್ಚಿನವರು ರಾತ್ರಿ ಬಸ್ಸಿನಲ್ಲಿ, ಕೈಯಲ್ಲಿ ದುಡ್ಡಿದ್ದವರು ವಿಮಾನದಲ್ಲಿ. ಮೇ ತಿಂಗಳ ಮಧ್ಯಾಹ್ನ, ಸೆಕೆ ಅಂದ್ರೆ ಸೆಕೆ. ಸೆಕೆ ಹೆಚ್ಚಾದಷ್ಟು ಗಾಳಿ ತೆಳ್ಳಗೆ, ಎಂಜಿನಿಗೆ ಬಲ ಕಮ್ಮಿ, ವಿಮಾನ ಏರಲಿಕ್ಕೆ ಉದ್ದ ರನ್‌ವೇ ಬೇಕು. ಉದ್ದ ಇಲ್ಲದಿದ್ದರೆ ತೂಕ ಇಳಿಸಬೇಕು. ಪ್ರಯಾಣಿಕರಿಗೆ ನಾವು ತಲೆಗೆ 75 ಕಿಲೋ ಅಂತ ಬರೆಯುವುದು, ತಕ್ಕಡಿಗೆ ಹತ್ತಿಸುವುದಿಲ್ಲ. ಬ್ಯಾಗು ಮಾತ್ರ ನಿಜವಾದ ತೂಕ. ಹಾಗಾಗಿ ಹೊರಗೆ ಉಳಿಯುವುದು ಯಾವಾಗಲೂ ಬ್ಯಾಗೇ. ಆ ದಿನ ಹನ್ನೊಂದು ಬ್ಯಾಗು ಆಫ್‌ಲೋಡ್ ಮಾಡಿದೆ. ಅದರಲ್ಲಿ ಒಂದು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಮೇಲೆ ಸ್ಕೆಚ್ ಪೆನ್ನಿನಲ್ಲಿ ದಮಾಮ್ ಅಂತ ಬರೆದಿತ್ತು. ಮರುದಿನ ಕಳಿಸಿದೆವು. ಆದರೆ ಅಷ್ಟರಲ್ಲಿ ಆ ಹುಡುಗ ಬೊಂಬಾಯಿಯಿಂದ ಹಾರಿ ಆಗಿತ್ತು. ಪೆಟ್ಟಿಗೆ ತಿಂಗಳು ಬಿಟ್ಟು ನನ್ನ ಮೇಜಿಗೇ ವಾಪಸ್ ಬಂತು. ಅವನ ತಾಯಿ ಬಂದು ನನ್ನ ಎದುರೇ ಬಿಚ್ಚಿ ನೋಡಿದರು. ಹಲಸಿನ ಹಪ್ಪಳ, ಪುಡಿಪುಡಿ. ಬೈಯಲಿಲ್ಲ. "ನಿಮ್ಮ ವಿಮಾನಕ್ಕೆ ನನ್ನ ಹಪ್ಪಳ ಭಾರ ಆಯ್ತಾ?" ಅಂತ ಕೇಳಿದರು. ಆಯ್ತು ಅಂತ ಹೇಗೆ ಹೇಳುವುದು? ಆದರೆ ಆದದ್ದು ಹೌದು.

ಮಳೆ ವಿಷಯ ಸಂಜೆ ಬರೀತೇನೆ, ಕರೆಂಟು ಹೋಗುವ ಹಾಗೆ ಕಾಣ್ತದೆ.

ಬಜ್ಪೆ ಹಳಬ:

ಬಂತು ಕರೆಂಟು.

ನೀವು ಕದ್ರಿಯಲ್ಲಿ ನಿಂತು ನೋಡಿದ್ದು ಮಳೆ. ಪೈಲಟ್ ನೋಡುವುದು ಮೋಡದ ಹೊಟ್ಟೆ ಎಷ್ಟು ಕೆಳಗುಂಟು ಮತ್ತು ಎಷ್ಟು ದೂರ ಕಣ್ಣು ಹಾಯ್ತದೆ ಅಂತ. ಧಾರಾಕಾರ ಮಳೆ ಹತ್ತು ನಿಮಿಷದಲ್ಲಿ ಸುರಿದು ದಾಟಿ ಹೋಗ್ತದೆ. ಜಿಟಿಜಿಟಿಯೇ ಹಲವು ಸಲ ಕಷ್ಟ, ಮೋಡ ಗುಡ್ಡಕ್ಕೆ ಒರಗಿಕೊಂಡು ಮಲಗಿಬಿಡ್ತದೆ. ಸಮುದ್ರ ಮಟ್ಟದಿಂದ 150 ಮೀಟರ್ ಮೇಲೆ ಮೋಡ ಉಂಟು ಅಂತ ಇಟ್ಟುಕೊಳ್ಳಿ. ಬಂದರಿನಲ್ಲಿ ನಿಂತವನಿಗೆ ಅದು ತಲೆಯ ಮೇಲೆ ಎಲ್ಲೋ ಇರುವ ಸಾಧಾರಣ ಮೋಡ. ಪದವಿನ ಮೇಲಿನ ರನ್‌ವೇಗೆ ಅದೇ ಮೋಡ 50 ಮೀಟರ್ ಎತ್ತರದಲ್ಲಿ. ಐಎಲ್‌ಎಸ್ ಅಂತ ರೇಡಿಯೋ ದಾರಿ ತೋರಿಸುವ ಉಪಕರಣ ಉಂಟು. ಅದರ ಕ್ಯಾಟ್-1 ಅನ್ನುವ ಮಟ್ಟದಲ್ಲಿ ರನ್‌ವೇಯಿಂದ 200 ಅಡಿ, ಅಂದ್ರೆ ಸುಮಾರು 60 ಮೀಟರ್ ಮೇಲಿರುವಾಗಲೇ ದೀಪ ಕಣ್ಣಿಗೆ ಬೀಳಬೇಕು. ಅದಕ್ಕಿಂತ ಕೆಳಗೆ ಕುರುಡಾಗಿ ಇಳಿಯುವಂತಿಲ್ಲ. ಕಾಣಲಿಲ್ಲವಾ, ಮೇಲೆ ಹೋಗು. ನಿಮ್ಮ ತಾಯಿಯವರಿಗೆ "ಗುಂಯ್" ಅಂತ ಕೇಳಿದ್ದು ಆ ತೀರ್ಮಾನದ ಶಬ್ದ.

ಆಮೇಲೆ ಸುತ್ತು ಹೊಡೆಯುವುದು ಮೋಡ ಸರಿಯಬಹುದು ಅಂತ. ಎಣ್ಣೆ ಒಂದು ಗೆರೆ ಮುಟ್ಟಿದ ಕೂಡಲೇ ಕಾಯುವುದು ಮುಗೀತು, ಬೆಂಗಳೂರು. ಅಲ್ಲಿ ಎರಡು ಗಂಟೆ ಒಳಗೇ ಕೂರಿಸಿದ್ದಕ್ಕೆ ಮಾತ್ರ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಕಡೇ ಪಕ್ಷ ಒಂದು ಚಾ ಆದರೂ ಕೊಟ್ಟರಾ?

ಇನ್ನೊಂದು. ಬಜ್ಪೆಯಲ್ಲಿ ಇಳಿಸುವುದು, ಏರಿಸುವುದು ಕ್ಯಾಪ್ಟನೇ ಮಾಡಬೇಕು, ಸಹಪೈಲಟ್ ಕೈಗೆ ಕೊಡುವಂತಿಲ್ಲ. ಇದು 2010ಕ್ಕೂ ಮೊದಲೇ ಇದ್ದ ನಿಯಮ.

ಘಟ್ಟದ ಮೇಲಿನವ:

ಸರ್, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಚಾ ಕೊಡಲಿಲ್ಲವಂತೆ, ಒಂದು ಲೋಟ ನೀರು ಕೊಟ್ರಂತೆ. ಹಪ್ಪಳದ ಕಥೆ ಕೇಳಿ ಸುಮ್ಮನಾದ್ರು. ಆಮೇಲೆ ಕೇಳಿದ್ರು, "ಎಲ್ಲ ಸರಿ, ಅಷ್ಟು ಲೆಕ್ಕ ಇದ್ರೆ 2010ರಲ್ಲಿ ಯಾಕೆ ಬಿತ್ತು ಕೇಳು" ಅಂತ. ಕೇಳೋದು ತಪ್ಪಾದ್ರೆ ಕ್ಷಮಿಸಿ.

ಬಜ್ಪೆ ಹಳಬ:

ತಪ್ಪಲ್ಲ. ಬರೆಯಲಿಕ್ಕೆ ಎರಡು ದಿನ ಹಿಡೀತು, ಅಷ್ಟೇ.

ಮೊದಲು ಆ ರನ್‌ವೇ ಹೇಗೆ ಬಂತು ಅಂತ ಹೇಳದೆ ಅದು ಅರ್ಥ ಆಗುವುದಿಲ್ಲ. 1,600 ಮೀಟರ್ ಸಾಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಳೆಯದನ್ನೇ ಉದ್ದ ಮಾಡುವ ಅಂದ್ರೆ ಎರಡೂ ಕಡೆ ಪದವು ಮುಗಿದು ಇಳಿಜಾರು. ಹಾಗಾಗಿ ಓರೆಯಾಗಿ ಎರಡನೇ ರನ್‌ವೇ ಅಂತ ತೀರ್ಮಾನ ಆಯ್ತು. ಅದಕ್ಕೆ ಜಾಗ ಹೋಗುವವರು ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಅಂತ ಮಾಡಿಕೊಂಡರು. ಬೆಂಗಳೂರಿನ ಪರಿಸರ ಸಂಘಟನೆಯೊಂದು ಜೊತೆಗೆ ಸೇರಿ 1997ರಲ್ಲಿ ಹೈಕೋರ್ಟಿಗೆ ಹೋದರು. ತುದಿಯಲ್ಲಿ ಕಣಿವೆ ಉಂಟು, ವಿಮಾನ ತಪ್ಪಿ ಮುಂದೆ ಓಡಿದರೆ ನಿಲ್ಲಲಿಕ್ಕೆ ಜಾಗ ಸಾಲದು ಅನ್ನುವ ಮಾತೂ ಅವರ ಆಕ್ಷೇಪದಲ್ಲಿತ್ತು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ 2003ರಲ್ಲಿ ವಜಾ ಆಯ್ತು. ನಾವು ಕ್ಯಾಂಟೀನಿನಲ್ಲಿ ಕೂತು ಅವರನ್ನು ಬೈದದ್ದಕ್ಕೆ ಲೆಕ್ಕ ಇಲ್ಲ. ಊರಿಗೆ ದೊಡ್ಡ ವಿಮಾನ ಬರಲಿಕ್ಕೆ ಬಿಡುವುದಿಲ್ಲ ಅಂತ. ನಾನೂ ಬೈದವನೇ.

2006ರಲ್ಲಿ ಹೊಸ ರನ್‌ವೇ ತೆರೆಯಿತು, ಕಾಂಕ್ರೀಟಿನದ್ದು. ಅದೇ ವರ್ಷ ಅಕ್ಟೋಬರ್ 3ಕ್ಕೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಮೊದಲ ವಿಮಾನ ಹಾರಿಸಿತು. ಆ ದಿನ ನನ್ನ ಡ್ಯೂಟಿ ಇರಲಿಲ್ಲ, ಆದರೂ ಹೋಗಿದ್ದೆ. ಹಪ್ಪಳದ ಪೆಟ್ಟಿಗೆ ಇನ್ನು ಬೊಂಬಾಯಿಯಲ್ಲಿ ಕೊಳೆಯುವುದಿಲ್ಲ ಅಂತ ಒಂದು ಸಂತೋಷ. 2010ರ ಮೇ 15ಕ್ಕೆ ಕೆಂಜಾರು ಬದಿಯ ಹೊಸ ಟರ್ಮಿನಲ್ ಉದ್ಘಾಟನೆ ಆಯ್ತು. ನೀವು ಈಗ ಹೋಗುವುದು ಅದಕ್ಕೇ. ಹಳೆಯದು ಬಜ್ಪೆ ಪೇಟೆಯ ಬದಿಗೆ ಇತ್ತು. ಹಾಗಾಗಿ ನಮ್ಮಂಥವರು ಇವತ್ತಿಗೂ "ಬಜ್ಪೆಗೆ ಹೋಗಿ ಬರ್ತೇನೆ" ಅಂತಲೇ ಹೇಳುವುದು.

ಉದ್ಘಾಟನೆ ಆಗಿ ಸರಿಯಾಗಿ ಒಂದು ವಾರ. ಮೇ 22, ಶನಿವಾರ, ಬೆಳಗ್ಗೆ ಆರು ಗಂಟೆ ದಾಟಿ ಐದು ನಿಮಿಷ. ದುಬೈಯಿಂದ ಬಂದ ವಿಮಾನ, 166 ಜನ. ಮಳೆ ಇರಲಿಲ್ಲ, ಕಣ್ಣು ಹಾಯುವಷ್ಟು ಬೆಳಕಿತ್ತು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ಸಮಿತಿಯ ವರದಿಯಲ್ಲಿ ಎಲ್ಲ ಉಂಟು, ನಾನು ಎರಡು ಸಲ ಓದಿದ್ದೇನೆ. ಹಾರಾಟದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಕಾಕ್‌ಪಿಟ್ ರೆಕಾರ್ಡಿನಲ್ಲಿ ಗೊರಕೆ ಕೇಳ್ತದೆ. ನಮ್ಮ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು, ಹಾಗಾಗಿ ಕೆಳಗಿಳಿಯಲಿಕ್ಕೆ ಅನುಮತಿ ಸಿಕ್ಕಿದ್ದು ತಡವಾಗಿ, ವಿಮಾನ ಇರಬೇಕಾದ್ದಕ್ಕಿಂತ ಮೇಲಿತ್ತು. ಎಚ್ಚರವಾದ ಮೇಲೂ ಅವರು ಆ ಎತ್ತರದಿಂದ ಒಟ್ಟಾರೆ ಕೆಳಗೆ ತಂದರು. ಸಹಪೈಲಟ್ ಮೂರು ಸಲ ಗೋ-ಅರೌಂಡ್ ಹೇಳಿದರು. 8,033 ಅಡಿಯ, ಅಂದ್ರೆ ಅದೇ ಸುಮಾರು 2,450 ಮೀಟರಿನ ರನ್‌ವೇಯಲ್ಲಿ ಚಕ್ರ ಮುಟ್ಟಿದ್ದು 5,200 ಅಡಿ, ಅಂದ್ರೆ ಸುಮಾರು 1,585 ಮೀಟರ್ ಕಳೆದ ಮೇಲೆ.

ನಾನು ಮೊದಲು ಹೇಳಿದ 40 ಭಾಗ ನೆನಪುಂಟಲ್ಲ? ಮನುಷ್ಯನ ತಪ್ಪಿಗೆ ಬಿಟ್ಟದ್ದು? ಅದು ಪೂರ್ತಿ ನೆಲ ಮುಟ್ಟುವ ಮೊದಲೇ ಖರ್ಚಾಗಿತ್ತು. ಹಾಗಿದ್ದೂ, ಮುಟ್ಟಿದ ಕೂಡಲೇ ಗಟ್ಟಿ ಬ್ರೇಕ್ ಒತ್ತಿದ್ದರೆ ರನ್‌ವೇಯೊಳಗೇ ನಿಲ್ಲುತ್ತಿತ್ತು ಅಂತ ವರದಿ ಹೇಳ್ತದೆ. ಬ್ರೇಕ್ ಒತ್ತಿ, ಮತ್ತೆ ಮನಸ್ಸು ಬದಲಿಸಿ ಏರಲಿಕ್ಕೆ ನೋಡಿದರು. ಆಗ ಯಾವ ರನ್‌ವೇಯೂ ಸಾಲುವುದಿಲ್ಲ. ತುದಿ ದಾಟಿ, ಮರಳಿನ ಹಾಸು ದಾಟಿ, ಐಎಲ್‌ಎಸ್ ಆಂಟೆನಾ ನಿಲ್ಲಿಸಿದ ಕಾಂಕ್ರೀಟು ಕಟ್ಟೆಗೆ ರೆಕ್ಕೆ ಬಡಿದು, ಕೆಳಗೆ. 158 ಜನ ಹೋದರು, 8 ಜನ ಉಳಿದರು.

ಕೋರ್ಟಿಗೆ ಹೋದವರು ಹೇಳಿದ ಕಣಿವೆಯೇ ಕಾರಣ ಅಂತ ಒಂದು ಗುಂಪು, ಪೈಲಟೇ ಕಾರಣ ಅಂತ ಇನ್ನೊಂದು ಗುಂಪು ಇವತ್ತಿಗೂ ಜಗಳ ಮಾಡ್ತದೆ. ನನಗೆ ಕಾಣುವುದು ಹೀಗೆ. ಅದೇ ತಪ್ಪು ಬಯಲು ನಾಡಿನಲ್ಲಿ ಆಗಿದ್ದರೆ ವಿಮಾನ ಗದ್ದೆಯಲ್ಲಿ ನಿಂತು, ಕೆಲವರಿಗೆ ಕೈಕಾಲು ಮುರಿದು, ಪೇಪರಿನ ಒಳಪುಟದಲ್ಲಿ ಸುದ್ದಿ ಬರ್ತಿತ್ತೋ ಏನೋ. ಇಲ್ಲಿ ತಪ್ಪು ಮಾಡಿದ್ದು ಪೈಲಟ್, ಶಿಕ್ಷೆ ಕೊಟ್ಟದ್ದು ಗುಡ್ಡ. 2020ರ ಆಗಸ್ಟ್ 7ರಂದು ಕಲ್ಲಿಕೋಟೆಯಲ್ಲಿ ಮಳೆಯಲ್ಲಿ ವಿಮಾನ ರನ್‌ವೇ ದಾಟಿ ಬಿದ್ದದ್ದೂ ಅಂಥದ್ದೇ ಪದವಿನ ತುದಿಯಲ್ಲಿ.

ಆ ದಿನ ನಾನು ಎಂತ ಮಾಡಿದೆ ಅಂತ ಕೇಳಬೇಡಿ. ಲಿಸ್ಟಿನಲ್ಲಿ ಗುರುತಿನ ಹೆಸರು ಎಷ್ಟೋ ಇತ್ತು. ಗುರುತು ಸಿಗದವರನ್ನು ಫಲ್ಗುಣಿಯ ದಡದಲ್ಲಿ ತಣ್ಣೀರುಬಾವಿ ಹತ್ತಿರ ಮಣ್ಣು ಮಾಡಿದರು. ಅಲ್ಲಿ ಸ್ಮಾರಕ ಉಂಟು. ಒಮ್ಮೆ ಹೋಗಿ ನೋಡಿ, ಹೆಚ್ಚಿನ ಮಂಗಳೂರಿನವರೇ ಹೋದದ್ದಿಲ್ಲ.

ಕುಂಬಳೆ ಟೀಚರ್:

ಹಳಬರೇ, ನನ್ನ ಅಕ್ಕನ ಮಗನೂ ಆ ವಿಮಾನದಲ್ಲಿದ್ದ. ನೀವು ಬರೆದದ್ದು ಓದಿದೆ. ಇಷ್ಟು ವರ್ಷ ಯಾರೂ ನಮಗೆ ಅದನ್ನು ಮೀಟರಿನಲ್ಲಿ ಬಿಡಿಸಿ ಹೇಳಿರಲಿಲ್ಲ.

ಮಾತು ಬೇರೆ ಕಡೆಗೆ ತಿರುಗಿಸ್ತೇನೆ. ನಮ್ಮ ಕಾಸರಗೋಡಿನವರಿಗೆ ಮೊದಲು ಬಜ್ಪೆ ಒಂದೇ ಗತಿ. 2018ರ ಡಿಸೆಂಬರಿನಲ್ಲಿ ಕಣ್ಣೂರಿನದ್ದು ತೆರೆದ ಮೇಲೆ ನೀಲೇಶ್ವರ, ಹೊಸದುರ್ಗದವರು ಆಚೆಗೆ ಹೋದರು. ಅಲ್ಲಿ ರನ್‌ವೇ 3,000 ಮೀಟರಿಗೂ ಮೇಲೆ. ಕುಂಬಳೆ, ಮಂಜೇಶ್ವರದ ನಾವು ಇನ್ನೂ ಬಜ್ಪೆಗೇ. ಆದರೆ 2021ರ ಜೂನಿನಲ್ಲಿ ಬಜ್ಪೆ ದಾರಿಯ ಮರವೂರು ಸೇತುವೆ ಕುಸಿದು ಕೂತಾಗ ವಿಮಾನ ಬಂದರೂ ನಾವು ಮುಟ್ಟುವುದು ಕಷ್ಟ ಅನ್ನುವ ಹಾಗೆ ಆಗಿತ್ತು. ಗುರುಪುರ, ಕೈಕಂಬ ಸುತ್ತಿ ಹೋದದ್ದು ನೆನಪುಂಟು.

ಕಾಪು-ದುಬೈ:

ಟೀಚರ್, ಮರವೂರು ನೆನಪು ಮಾಡ್ಬೇಡಿ. ಆ ವಾರವೇ ನನ್ನ ಫ್ಲೈಟು.

ಹಳಬರೇ, 2023ರಲ್ಲಿ ಹಗಲೆಲ್ಲ ವಿಮಾನ ಬಂದ್ ಮಾಡಿ ಎಂತದೋ ಮಾಡಿದ್ರಲ್ಲ? ನಂಗೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಹೊರಡುವ ಹಾಗೆ ಆಗಿತ್ತು. ಮತ್ತೆ ಇವರ ಮೂರನೇ ಪ್ರಶ್ನೆ ಬಾಕಿ ಉಂಟು, ದೊಡ್ಡ ವಿಮಾನದ್ದು.

ಬಜ್ಪೆ ಹಳಬ:

ಟೀಚರ್, ನಿಮಗೆ ಎಂತ ಹೇಳಬೇಕು ಅಂತ ಗೊತ್ತಾಗುವುದಿಲ್ಲ. ಕುಂಬಳೆಗೆ ಬಂದಾಗ ಮನೆಗೆ ಬರ್ತೇನೆ.

2023ರಲ್ಲಿ ಮಾಡಿದ್ದು ಮೇಲ್ಮೈ ಕೆಲಸ. 2006ರ ಕಾಂಕ್ರೀಟು ಹದಿನೇಳು ಮಳೆಗಾಲ ಕಂಡಿತ್ತು. ಅದರ ಮೇಲೆ ಡಾಮರಿನ ಹೊದಿಕೆ ಹಾಕಿದರು. ನಮ್ಮದು ಒಂದೇ ಕೆಲಸದ ರನ್‌ವೇ, ಮುಚ್ಚಿದರೆ ಊರೇ ಮುಚ್ಚಿದ ಹಾಗೆ. ಅದಕ್ಕೇ ಜನವರಿ ಕೊನೆಯಿಂದ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಮಾತ್ರ ಮುಚ್ಚಿ, ಸಂಜೆಗೆ ಮತ್ತೆ ವಿಮಾನ ಇಳಿಯುವ ಹಾಗೆ ಬಿಟ್ಟುಕೊಟ್ಟು ಮಾಡಿದರು. ಹೊರಗಿನವರಿಗೆ ಅದು ರಸ್ತೆಗೆ ಡಾಮರು ಹಾಕಿದ ಹಾಗೆ ಕಾಣ್ತದೆ. ದಿನಾ ಸಂಜೆ ಒಂದು ಕಲ್ಲು, ಒಂದು ಬೋಲ್ಟು ಬಿದ್ದಿಲ್ಲ ಅಂತ ನೋಡಿ ಸಹಿ ಹಾಕುವವನ ಹೊಟ್ಟೆಯ ಸಂಕಟ ನನಗೆ ಗೊತ್ತು. ನಾನು ಆಗ ರಿಟೈರ್ ಆಗಿದ್ದೆ, ಬಚಾವ್.

ದೊಡ್ಡ ವಿಮಾನ. ಉದ್ದದ ಲೆಕ್ಕ ಆಯ್ತು. ಎರಡು ಸಾಲು ಓಣಿಯ ವಿಮಾನ ತುಂಬಿಕೊಂಡು ಬರಲಿಕ್ಕೆ 2,450 ಮೀಟರ್, ಅದೂ ಮಳೆಗಾಲದಲ್ಲಿ, ಯಾವ ಕಂಪನಿಯೂ ಒಪ್ಪುವುದಿಲ್ಲ. ನಿಲ್ಲಿಸುವ ಜಾಗವೂ ಬೇಕು, ತಿರುಗುವ ಜಾಗವೂ ಬೇಕು. ಇನ್ನು ಆ ಬೋರ್ಡ್. 2006ರಿಂದ 2012ರವರೆಗೆ ನಮ್ಮದು "ಕಸ್ಟಮ್ಸ್ ಏರ್‌ಪೋರ್ಟ್". ಅಂದ್ರೆ ದುಬೈಗೆ ವಿಮಾನ ಹೋಗ್ತದೆ, ಸುಂಕದವರು, ಇಮಿಗ್ರೇಷನ್‌ನವರು ಕೂತಿದ್ದಾರೆ, ಆದರೆ ಅಂತರರಾಷ್ಟ್ರೀಯ ಅಂತ ಬರೆಯುವಂತಿಲ್ಲ. 2012ರ ಅಕ್ಟೋಬರಿನಲ್ಲಿ ಆ ಹೆಸರು ಬಂತು. ಪಟಾಕಿ ಹೊಡೆದವರಿಗೆಲ್ಲ ಮರುದಿನವೇ ಎಮಿರೇಟ್ಸ್ ಬರ್ತದೆ ಅಂತ ಆಸೆ. ಹಾಗೆ ಆಗುವುದಿಲ್ಲ, ಮಾರಾಯ್ರೆ. ಎರಡು ದೇಶದ ಸರಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ, ವಿದೇಶಿ ಕಂಪನಿ ಇಂಥಿಂಥ ಊರಿಗೆ ಬರಬಹುದು ಅಂತ ಪಟ್ಟಿ ಇರ್ತದೆ. ಪಟ್ಟಿಯಲ್ಲಿ ಊರಿನ ಹೆಸರು ಇಲ್ಲದಿದ್ದರೆ ಬೋರ್ಡಿನಲ್ಲಿ ಎಂತ ಬರೆದರೂ ಅಷ್ಟೇ. ಹಾಗಾಗಿ ನಮ್ಮ ಗಲ್ಫ್ ವಿಮಾನ ಅಂದ್ರೆ ನಮ್ಮ ದೇಶದ ಕಂಪನಿಯದ್ದೇ.

2020ರ ಅಕ್ಟೋಬರ್ 31ಕ್ಕೆ ನಮ್ಮ ನಿಲ್ದಾಣ ಸರಕಾರದ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಿಂದ ಅದಾನಿಯವರ ಕೈಗೆ ಹೋಯ್ತು, 50 ವರ್ಷಕ್ಕೆ. ತಲೆಗೆ 115 ರೂಪಾಯಿ ಪ್ರಾಧಿಕಾರಕ್ಕೆ ಕೊಡುವ ಬಿಡ್ಡು. ಆವಾಗ ಹರಾಜಾದ ಆರು ನಿಲ್ದಾಣಗಳಲ್ಲಿ ಅತಿ ಕಮ್ಮಿ ನಮ್ಮದೇ. ಅದರ ರಾಜಕೀಯ ಇಲ್ಲಿ ಬೇಡ, ಬೇರೆ ಕಡೆ ಜಗಳ ಮಾಡಿ. ಟವರ್ ಮಾತ್ರ ಈಗಲೂ ಪ್ರಾಧಿಕಾರದ್ದೇ, ಬಾಗಿಲಲ್ಲಿ ಬಂದೂಕು ಹಿಡಿದವರು ಸಿಐಎಸ್‌ಎಫ್‌ನವರೇ.

ಘಟ್ಟದ ಮೇಲಿನವರೇ, ತಾಯಿ ವಾಪಸ್ ಹೋಗುವುದು ಯಾವಾಗ? ರೈಲಾದರೆ ಅದೂ ಒಳ್ಳೆಯದೇ, ಕೊಂಕಣದ ಮಳೆ ನೋಡಬಹುದು. ವಿಮಾನವೇ ಆದರೆ ಒಂದು ಉಪಾಯ. ಆ ದಿನ ಮುಂಬೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ, ಹೋಲ್ಡಿಗೆ ಹಾಕುವ ಬ್ಯಾಗಿನಲ್ಲಿ ಬೇಡ. ಕೂತಲ್ಲೇ ಎರಡು ಗಂಟೆ ಕಾಯಬೇಕಾಗಿ ಬಂದರೆ ಕೆಳಗಿನ ಬ್ಯಾಗು ಯಾರಿಗೂ ಸಿಗುವುದಿಲ್ಲ.

ಘಟ್ಟದ ಮೇಲಿನವ:

ಸರ್, ಅಪ್‌ಡೇಟ್. ಅಮ್ಮ ವಿಮಾನದಲ್ಲೇ ಹೋದ್ರು, ಇವತ್ತು ಬೆಳಗ್ಗೆ. ಕಿಟಕಿ ಸೀಟೇ ಕೇಳಿ ತಗೊಂಡ್ರು. ರನ್‌ವೇ ಎಲ್ಲಿ ಮುಗೀತದೆ ಅಂತ ನೋಡಬೇಕಿತ್ತಂತೆ. "ಮುಗಿಯೋ ಮೊದಲೇ ಎದ್ದು ಹೋಯ್ತು ಕಣೋ, ಇನ್ನೂ ಜಾಗ ಮಿಕ್ಕಿತ್ತು" ಅಂತ ಫೋನ್ ಮಾಡಿದ್ರು.

ಕೌಂಟರಿನಲ್ಲಿ ಮಾತ್ರ ಬ್ಯಾಗು ಎರಡು ಕಿಲೋ ಜಾಸ್ತಿ ಬಂತು. ಅಣ್ಣನಿಗೆ ಅಂತ ಶೇಂಗಾ ಚಟ್ನಿಪುಡಿ. ತೆಗೆದು ನನ್ನ ಕೈಗೆ ಕೊಟ್ಟು, "ನಿಮ್ಮ ಬಜ್ಪೆ ಸಾಹೇಬರಿಗೆ ಕೊಡು, ಅವರಿಗೆ ಭಾರ ಆಗಲ್ಲ" ಅಂದ್ರು. ಎಲ್ಲಿಗೆ ತಂದು ಕೊಡಲಿ?

ಬಜ್ಪೆ ಹಳಬ:

ಎರಡು ಕಿಲೋ ಬಿಡ್ತಿದ್ದೆವಪ್ಪ ನಾವಾದರೆ, ಈ ರನ್‌ವೇಯಲ್ಲಿ. ಭಾನುವಾರ ಬನ್ನಿ. ಬಜ್ಪೆ ಪೇಟೆಯಲ್ಲಿ ಇಳಿದು ನನಗೆ ಇಲ್ಲೇ ಮೆಸೇಜ್ ಹಾಕಿ. ಕುಚ್ಚಲಕ್ಕಿ ಗಂಜಿಗೆ ಶೇಂಗಾ ಚಟ್ನಿಪುಡಿ ಆಗ್ತದಾ ಅಂತ ನನ್ನ ಹೆಂಡತಿ ಕೇಳ್ತಾ ಇದ್ದಾಳೆ.